ಬಾಪೂ ಕಾಕಾನ ಕಾಲಿನ ತೂಕ

ನನ್ನ ಚಿಕ್ಕಂದಿನ ನೆನಪುಗಳೆಲ್ಲ ಬಾಗಿಲ ಹಿಂದಿನವು. ಮನೆಗೆ ಯಾರು ಬಂದರೂ ಮೊದಲು ಅವರ ಚಪ್ಪಲಿ ಕಾಣುತ್ತಿತ್ತು, ಆಮೇಲೆ ಸಂದಿಯಿಂದ ಒಂದು ಕಿವಿ, ಒಂದು ಭುಜ. ಪೂರ್ತಿ ಮನುಷ್ಯರನ್ನು ನಾನು ನೋಡಿದ್ದು ಕಡಿಮೆ. ಸದಲಗಾದ ನಮ್ಮ ಮನೆಯಲ್ಲಿ ಬಾಗಿಲುಗಳಿಗೇನೂ ಬರವಿರಲಿಲ್ಲ. ತಲೆಬಾಗಿಲು ದಾಟಿದರೆ ಎಡಕ್ಕೆ ಎಮ್ಮೆಗಳು, ಬಲಕ್ಕೆ ಎತ್ತುಗಳು, ನಡುವೆ ಕಲ್ಲು ಹಾಸಿದ ದಾರಿ. ಆ ದಾರಿಯಲ್ಲಿ ಬಂದು ಕಟ್ಟೆ ಹತ್ತಿದರೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡಿಗೆಮನೆ. ಪಡಸಾಲೆಯ ಮಗ್ಗುಲಿಗೆ ಓಣಿಯ ಕಡೆ ಕಾಳು ತುಂಬಿಡುವ ಕೋಣೆ, ಕಾಳಿನ ಕೋಲಿ. ತಲೆಬಾಗಿಲು ಅಡಗಲು ಬಾರದ್ದು, ಮುಟ್ಟಿದರೆ ಕಿರ್ರೆಂದು ಊರಿಗೆಲ್ಲ ಹೇಳುತ್ತಿತ್ತು. ಅಡಿಗೆಮನೆಯ ಬಾಗಿಲಿಗೆ ಹೊಗೆ ಹಿಡಿದು ಉಟ್ಟ ಪರಕಾರವೆಲ್ಲ ಮಸಿಯಾಗುತ್ತಿತ್ತು. ಕಾಳಿನ ಕೋಲಿಯದೇ ಒಳ್ಳೆಯದು. ಅದರ ಹಿಂದೆ ನಿಂತರೆ ಜೋಳದ ಕಣಜದ ತಂಪು ಬೆನ್ನಿಗೆ ತಾಗುತ್ತಿತ್ತು, ಹೊರಗಿನ ಮಾತೆಲ್ಲ ಕೇಳುತ್ತಿತ್ತು.

ನನ್ನ ನಾಚಿಕೆಗೆ ಕಾರಣ ಕೇಳಬೇಡಿ, ನನಗೂ ಗೊತ್ತಿಲ್ಲ. ಶಾಲೆಯಲ್ಲಿ ಹೆಸರು ಕರೆದಾಗ ನಾನು “ಹಾಜರ್” ಅನ್ನುವುದು ಗುರುಗಳಿಗೆ ಕೇಳದೆ, ನಾನು ಎದುರಿಗೆ ಕೂತಿದ್ದ ದಿನಗಳಲ್ಲೂ ಗೈರುಹಾಜರಿ ಬೀಳುತ್ತಿತ್ತು. ಅವ್ವನ ಅವ್ವ ಬಂದರೂ ಮೊದಲ ದಿನ ಬಾಗಿಲ ಹಿಂದೆಯೇ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನನ್ನನ್ನು ಇಲಿ ಅನ್ನುತ್ತಿದ್ದಳು.

“ಈಕಿನ್ನ ನೋಡಾಕ ಗಂಡಿನ ಕಡಿಯವ್ರು ಬಂದ್ರ ಏನ ತೋರಸ್ತೀಯ? ಬಾಗಲಾ ತೋರಸಬೇಕಾಗ್ತೈತಿ ನೋಡ.”

“ದೊಡ್ಡಾಕಿ ಆದ್ರ ಸರಿ ಆಗ್ತಾಳ ಬಿಡ್ರಿ, ಅತ್ತಿ,” ಅನ್ನುತ್ತಿದ್ದಳು ಅವ್ವ.

“ಯಾವ ಇಲಿ ದೊಡ್ಡದಾಗಿ ಆನಿ ಆಗೈತಿ?”

ಆಯಿಯ ಎದುರು ಮಾತಿಗೆ ಮಾತು ಕೊಡುವವಳು ಊರಿನಲ್ಲಿ ಒಬ್ಬಳೇ ಇದ್ದಳು, ಎದುರು ಮನೆಯ ಗಂಗವ್ವ. ಇಬ್ಬರಿಗೂ ಗಂಡಂದಿರಿರಲಿಲ್ಲ, ಇಬ್ಬರಿಗೂ ಎಮ್ಮೆಗಳಿದ್ದವು. ಯಾರ ಎಮ್ಮೆಯ ಹಾಲು ದಪ್ಪ ಅನ್ನುವುದರಿಂದ ಬೆಳಗಾಗುತ್ತಿತ್ತು. ಯಾರ ರೊಟ್ಟಿ ತೆಳ್ಳಗೆ, ಯಾರ ತವರು ದೊಡ್ಡದು, ಯಾರ ಬಾಯಿ ಕೆಟ್ಟದ್ದು ಅನ್ನುವುದಕ್ಕೆ ಬರುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ಒಂದು ದಿನ ಜಗಳವಾಗದಿದ್ದರೆ ಆಯಿಗೆ ಊಟ ಸೇರುತ್ತಿರಲಿಲ್ಲ. ಅಪ್ಪನ ತಮ್ಮ ಬಾಪೂ ಕಾಕಾ ಮತ್ತು ಗಂಗವ್ವನ ಮಗ ಮಲ್ಲು ಒಂದೇ ದಿನ ಹೇಳದೆ ಕೇಳದೆ ಬೆಳಗಾವಿಗೆ ಹೋಗಿ ಫೌಜಿಗೆ ಸೇರಿದರು. ಯಾರ ಮಗ ಯಾರ ಮಗನನ್ನು ಕೆಡಿಸಿದ ಅನ್ನುವ ಜಗಳ ಮಾತ್ರ ಒಂದು ವರ್ಷ ನಡೆಯಿತು.

ಆಮೇಲೆ ಬಾಂಗ್ಲಾದ ಲಡಾಯಿ ಬಂತು. ನಿಮಗೆ ಯುದ್ಧವೆಂದರೆ ಟಿವಿ. ನಮಗೆ ಅದು ಎದುರು ಸಾಲಿನಲ್ಲಿದ್ದ ಮೌಲಾಸಾಬ ಮಾಮಾನ ಅಂಗಡಿಯ ರೇಡಿಯೋ. ಮಾಮಾ ತಂಬಾಕಿನ ವ್ಯಾಪಾರಿ. ರೈತರಿಂದ ತಂಬಾಕು ತೂಗಿಸಿಕೊಂಡು ನಿಪ್ಪಾಣಿಗೆ ಕಳಿಸುತ್ತಿದ್ದ. ಅವನ ಅಂಗಡಿಯ ತೊಲೆಗೆ ಒಂದು ದೊಡ್ಡ ತಕ್ಕಡಿ ಜೋತುಬಿದ್ದಿತ್ತು. ಸುದ್ದಿಯ ಹೊತ್ತಿಗೆ ಊರಿನ ಗಂಡಸರೆಲ್ಲ ಅದರ ಕೆಳಗೆ ಕೂರುತ್ತಿದ್ದರು. ರಾತ್ರಿ ದೀಪ ಹೊರಗೆ ಕಾಣಬಾರದು, ಕಿಟಕಿಗೆ ಕಾಗದ ಅಂಟಿಸಬೇಕು ಎಂದು ಡಂಗುರ ಹೊಡೆದರು. ನಮ್ಮ ಮನೆಗೆ ಕಿಟಕಿಯೇ ಇರಲಿಲ್ಲ, ಮಾಡಿನಲ್ಲಿ ಒಂದು ಬೆಳಕಿಂಡಿ ಇತ್ತು. ಆಯಿ ಅಪ್ಪನನ್ನು ಮಾಡಿನ ಮೇಲೆ ಹತ್ತಿಸಿ ಅದಕ್ಕೊಂದು ಬುಟ್ಟಿ ಬೋರಲು ಹಾಕಿಸಿದಳು. ಅದನ್ನು ಹಗಲು ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಕತ್ತಲೆಯಲ್ಲಿ ರೊಟ್ಟಿ ಸೀದಾಗಲೆಲ್ಲ ಆಯಿ ವೈರಿ ದೇಶಕ್ಕೆ ಬೈಯುತ್ತಿದ್ದಳು.

ಗಡಿಯಿಂದ ಕೆಟ್ಟ ಸುದ್ದಿ ಹೆಚ್ಚಾದ ಒಂದು ಬೆಳಿಗ್ಗೆ ಆಯಿ ತಲೆಗೆ ನೀರು ಹಾಕಿಕೊಂಡು, ಹಣೆ ತುಂಬ ಅರಿಸಿನದ ಭಂಡಾರ ಬಳಿದುಕೊಂಡು ಹೊರಗಟ್ಟೆಗೆ ಬಂದು ನಿಂತಳು. ಹರಕೆಯನ್ನು ಮನೆಯೊಳಗೆ ಹೊರಬಾರದು, ನಾಲ್ಕು ಮಂದಿ ಕೇಳಬೇಕು, ಇಲ್ಲವಾದರೆ ಮನುಷ್ಯರು ಮಾತು ತಿರುಗಿಸುತ್ತಾರೆ ಅನ್ನುವುದು ಅವಳ ನಂಬಿಕೆ.

“ಕೊಕಟನೂರ ಎಲ್ಲವ್ವಾ, ನನ್ನ ಬಾಪೂ ತಿರುಗಿ ಬರ್ಲಿ. ಅವ್ನ ತೂಕದ ಬೆಲ್ಲಾ ಊರಿಗೆಲ್ಲಾ ಹಂಚತೇನಿ.”

ಎದುರು ಮನೆಯಿಂದ ಗಂಗವ್ವ ಹೊರಗೆ ಬಂದಳು. ಅವಳ ಕೈ ಸಗಣಿಯಾಗಿತ್ತು. ಇದ್ದ ಹಾಗೇ ಕೊಕಟನೂರಿರುವ ಮೂಡಣದ ಕಡೆ ಮುಖ ಮಾಡಿದಳು.

“ಎಲ್ಲವ್ವಾ, ನನ್ನ ಮಲ್ಲೂನೂ ಬರ್ಲಿ ಯವ್ವಾ. ನಾನೂ ಅವ್ನ ತೂಕದ ಬೆಲ್ಲಾ ಹಂಚತೇನಿ. ಮ್ಯಾಲ ಕೊಬ್ರಿನೂ ಹಂಚತೇನಿ.”

ಆ ಕೊಬ್ಬರಿ ಆಯಿಗೆ ಬಹಳ ದಿನ ಚುಚ್ಚಿತು. “ದೇವ್ರ ಮುಂದ ಲಿಲಾವ ಕೂಗಿದಳ ನೋಡ,” ಎಂದು ಅವ್ವನ ಮುಂದೆ ಹೇಳಿ ಹೇಳಿ ಉರಿದುಕೊಂಡಳು.

ಲಡಾಯಿ ಮುಗಿಯಿತು. ಮಲ್ಲು ಬರಲಿಲ್ಲ. ಬಾಪೂ ಕಾಕಾ ಪುಣೆಯ ಕಡೆ ಮಿಲಿಟರಿ ದವಾಖಾನೆಯಲ್ಲಿ ಬಹಳ ದಿನ ಇದ್ದು ಬಂದ. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಗಾಡಿಯಿಂದ ಅವನನ್ನು ಇಳಿಸುವಾಗ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಯಿ ಅಳಲಿಲ್ಲ. ಹಂಡೆಯಲ್ಲಿ ನೀರು ಕಾಸಲು ಹೇಳಿ, ಬಚ್ಚಲ ಕಲ್ಲಿನ ಮೇಲೆ ಮಗನನ್ನು ಕೂರಿಸಿ, ಇದ್ದ ಒಂದು ಕಾಲನ್ನೇ ಎರಡು ಕಾಲಿಗಾಗುವಷ್ಟು ಹೊತ್ತು ತಿಕ್ಕಿ ತೊಳೆದಳು.

ಅವನನ್ನು ನೋಡಲು ಊರೆಲ್ಲ ಬಂತು. ಬಂದವರು ಮೊದಲು ಮುಖ ನೋಡುತ್ತಿದ್ದರು, ಆಮೇಲೆ ಕೆಳಗೆ ನೋಡುತ್ತಿದ್ದರು, ಆಮೇಲೆ ಮಾಡು ನೋಡುತ್ತಿದ್ದರು. ಕಾಕಾ ಕೆಲವು ದಿನ ತಾಳಿಕೊಂಡ. ಒಂದು ಮಧ್ಯಾಹ್ನ ಹಾಸಿಗೆ ಸುತ್ತಿಕೊಂಡು ಕಾಳಿನ ಕೋಲಿಗೆ ಬಂದ. ನಾನು ಆಗ ಅಲ್ಲಿಯೇ ಇದ್ದೆ, ಬಾಗಿಲ ಹಿಂದೆ.

“ಯಾರ ಅದು?” ಅಂದ ಕಾಕಾ.

ನಾನು ಉಸಿರು ಹಿಡಿದೆ.

“ಇಲಿ ಆಗಿದ್ರ ಚೀಂವ್ ಅನ್ನು. ಅಕ್ಕೂ ಆಗಿದ್ರ ಸುಮ್ನ ಇರು.”

ನಾನು ಸುಮ್ಮನಿದ್ದೆ.

“ಹಂಗಾದ್ರ ಅಕ್ಕೂನ. ಬಾ, ಈ ಕಡೆ ಬಾ. ಬಾಗಲಾ ಮುಚ್ಚಿ ಬಾ.”

ಹೀಗೆ ನಾವಿಬ್ಬರೂ ಕೂಡಿದೆವು. ಬೀಜದ ಶೇಂಗಾ ಸುಲಿಯುವ ಕೆಲಸ ನಮ್ಮದಾಯಿತು. ಅವ್ವ ಅಲ್ಲಿಗೇ ಎರಡು ತಾಟು ತರುತ್ತಿದ್ದಳು, ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ, ಮೇಲೊಂದು ಉಂಡೆ ಬೆಣ್ಣೆ. ಕಾಕಾ ನನ್ನ ಕೈಲಿ ಮಗ್ಗಿ ಹೇಳಿಸುತ್ತಿದ್ದ. ಶಾಲೆಯಲ್ಲಿ ಬಾರದ ದನಿ ಆ ಕೋಲಿಯಲ್ಲಿ ಬರುತ್ತಿತ್ತು. ಹೊರಗೆ ಯಾರದಾದರೂ ಚಪ್ಪಲಿಯ ಸದ್ದಾದರೆ ಇಬ್ಬರೂ ಒಟ್ಟಿಗೆ ನಿಲ್ಲಿಸಿ, ಒಬ್ಬರನ್ನೊಬ್ಬರು ನೋಡುತ್ತ, ಬಂದವರು ಹೋಗುವ ತನಕ ಶೇಂಗಾ ಸಿಪ್ಪೆಯನ್ನೂ ಮುರಿಯುತ್ತಿರಲಿಲ್ಲ. ಸರಕಾರ ಕೊಟ್ಟ ಕಟ್ಟಿಗೆಯ ಕಾಲು ಗೋಡೆಯ ಗೂಟಕ್ಕೆ ಅಂಗಿಯ ಜೊತೆ ಜೋತುಬಿದ್ದಿತ್ತು.

“ಇದನ್ನ ಕಟ್ಟಿಕೊಂಡ್ರ ನಡ್ಯಾಕ ಬರತೈತೇನ ಕಾಕಾ?” ಎಂದು ಕೇಳಿದೆ ಒಮ್ಮೆ.

“ಬರತೈತಿ. ಆದ್ರ ನೋಡಾಕ ಮಂದಿ ಬರ್ತಾರ.”

ಆ ಉತ್ತರ ನನಗೆ ಪೂರ್ತಿ ತಿಳಿಯಿತು. ಊರಿನಲ್ಲಿ ಮತ್ತೊಬ್ಬರಿಗೆ ತಿಳಿಯುತ್ತಿತ್ತೋ ಇಲ್ಲವೋ. ಆಯಿಗಂತೂ ತಿಳಿಯಲಿಲ್ಲ. ಅಮಾವಾಸ್ಯೆಯ ದಿನ ಅವಳು ಕೂರಿಗೆ, ನೊಗ, ಕುಡುಗೋಲುಗಳಿಗೆ ಪೂಜೆ ಮಾಡಿ ಆರತಿ ಹಿಡಿದುಕೊಂಡು ಕೋಲಿಗೂ ಬಂದಳು. ಗೂಟದ ಮೇಲಿನ ಕಾಲಿಗೆ ಭಂಡಾರ ಹಚ್ಚಿ, ಊದಿನಕಡ್ಡಿ ಬೆಳಗಿ, ಹೂವು ಏರಿಸಿದಳು.

“ಯವ್ವಾ, ಅದು ದೇವ್ರಲ್ಲ ಬೇ.”

“ದುಡಿಯೂ ಸಾಮಾನ ಎಲ್ಲಾ ದೇವ್ರ.”

“ಇದಿನ್ನೂ ಏನೂ ದುಡದಿಲ್ಲ.”

“ಗೂಟಕ್ಕ ಹಾಕಿದ್ರ ಎಂಥಾ ದೇವ್ರೂ ದುಡಿಯಂಗಿಲ್ಲ,” ಎಂದು ಆಯಿ ಗಂಟೆ ಬಾರಿಸಿ ಹೋದಳು.

ಎದುರು ಮನೆಯ ಮಾತು ಹೇಳಬೇಕು. ಗಂಗವ್ವನ ಬಾಗಿಲು ಅರ್ಧ ಮುಚ್ಚಿಯೇ ಇರುತ್ತಿತ್ತು. ಆ ಬಾಗಿಲ ಮುಂದೆ ಹಾದುಹೋಗುವವರು ದನಿ ತಗ್ಗಿಸುತ್ತಿದ್ದರು. ಹೋಳಿಗೆ ಮಾಡಿದ ದಿನ ಅವ್ವ ವಾಸನೆ ಆ ಕಡೆ ಹೋಗಬಾರದೆಂದು ತಲೆಬಾಗಿಲು ಎಳೆದುಕೊಳ್ಳುತ್ತಿದ್ದಳು. ಆಯಿ ಅವಳೊಡನೆ ಜಗಳ ಬಿಟ್ಟಿದ್ದಳು. ಎದುರಾದರೆ “ಉಂಡಿ ಏನ, ಗಂಗಾ?” ಎಂದು ಮೆತ್ತಗೆ ಕೇಳುತ್ತಿದ್ದಳು. “ಉಂಡೇನ್ರಿ, ಅಕ್ಕಾ,” ಎಂದು ಅವಳೂ ಮೆತ್ತಗೆ ಹೇಳುತ್ತಿದ್ದಳು. ಬೈಗುಳಕ್ಕೆ ಹೆದರದ ನನಗೆ ಈ ಮೆತ್ತಗಿನ ಮಾತು ಕೇಳಿದರೆ ಹೆದರಿಕೆಯಾಗುತ್ತಿತ್ತು.

ಕಬ್ಬಿನ ಸುಗ್ಗಿ ಬಂದು ನಮ್ಮ ಗಾಣ ಶುರುವಾದಾಗ ಹರಕೆಯ ಮಾತು ಎದ್ದಿತು. ಮೌಲಾಸಾಬ ಮಾಮಾನ ಅಂಗಡಿಯ ಕಟ್ಟೆಯ ಮೇಲೆ ಆಯಿ, ಅಪ್ಪ, ಮಾಮಾ ಕೂತಿದ್ದರು. ತೂಗುವ ತಕ್ಕಡಿ ಊರಿಗೊಂದೇ, ಅದು ಮಾಮಾನದು. ಹಾಗಾಗಿ ಮಾಮಾನಿಲ್ಲದೆ ಹರಕೆ ತೀರುವಂತಿರಲಿಲ್ಲ. ಕಾಳಿನ ಕೋಲಿಗೆ ಓಣಿಯ ಕಡೆ ಅಂಗೈಯಗಲದ ಒಂದು ಕಿಂಡಿ ಇತ್ತು, ನಾವಿಬ್ಬರೂ ಅಲ್ಲಿಂದ ಕೇಳುತ್ತಿದ್ದೆವು.

“ಅವ್ವಾರ, ತಪ್ಪ ತಿಳೀಬ್ಯಾಡ್ರಿ,” ಅಂದ ಮಾಮಾ. “ದೇವ್ರು ನಿಮಗ ಮಾಲು ಸ್ವಲ್ಪ ಕಡಿಮಿ ಕೊಟ್ಟಾಳ. ನೀವೂ ಸ್ವಲ್ಪ ಕಡಿಮಿ ತೂಗ್ರಿ. ವ್ಯಾಪಾರದಾಗ ಇದ ಇನ್ಸಾಫ.”

“ನಾ ವ್ಯಾಪಾರಾ ಮಾಡಿಲ್ಲೋ ಮೌಲ್ಯಾ. ನಾ ಬಾಯಿ ತಗದಾಗ ಅಂವಗ ಎರಡೂ ಕಾಲು ಇದ್ದೂವು. ಎರಡು ಕಾಲಿನ ಮಗಾನ ತೂಕ ಅಂತ ಮಾತು ಕೊಟ್ಟೇನಿ.”

“ಇಲ್ಲದ ಕಾಲು ಹ್ಯಾಂಗ ತೂಗೂದ್ರಿ?”

“ಅದನ್ನ ನೀ ಹೇಳು. ತಕ್ಕಡಿ ನಿಂದು.”

“ಆ ಕಟಗಿ ಕಾಲು ಐತಲ್ಲ ಯವ್ವಾ, ಅದನ್ನ ತೂಗೂಣ,” ಅಂದ ಅಪ್ಪ.

“ಅದು ಸರಕಾರದ್ದು. ಸರಕಾರಕ್ಕ ನಾ ಏನೂ ಹರಕಿ ಹೊತ್ತಿಲ್ಲ.”

ಕೊನೆಗೆ ಮಾಮಾನಿಗೆ ಹೊಳೆಯಿತು. ಅಣ್ಣತಮ್ಮಂದಿರದು ಒಂದೇ ಅಳತೆಯ ಮೈ, ಹುಡುಗರಾಗಿದ್ದಾಗ ಒಂದೇ ಚಡ್ಡಿಯನ್ನು ಇಬ್ಬರೂ ಹಾಕಿಕೊಂಡವರು. ಅಪ್ಪನ ಎಡಗಾಲು ತೂಗಿದರೆ ಕಾಕಾನ ಎಡಗಾಲಿನ ತೂಕ ಸಿಕ್ಕಂತೆ! ಕಟ್ಟೆಯಲ್ಲಿ ಕೂತವರೆಲ್ಲ ತಲೆದೂಗಿದರು. ಮಾಮಾ ತಕ್ಕಡಿಯ ಹಗ್ಗ ಇಳಿಸಿದ. ಅಪ್ಪ ಧೋತರ ಎತ್ತಿ ಕಟ್ಟಿ, ಬಲಗಾಲು ನೆಲದ ಮೇಲೆ, ಎಡಗಾಲು ತಕ್ಕಡಿಯ ಹಲಗೆಯ ಮೇಲೆ ಇಟ್ಟು, ಫೋಟೋ ತೆಗೆಸಿಕೊಳ್ಳುವವನ ಹಾಗೆ ಎದೆಯುಬ್ಬಿಸಿ ನಿಂತ. ಆ ಕಡೆಯ ಹಲಗೆಗೆ ಮಾಮಾ ಒಂದು ಸಣ್ಣ ಕಲ್ಲು ಇಟ್ಟ. ಅಪ್ಪನ ಕಾಲು ಮೇಲಕ್ಕೆ ಹೋಯಿತು.

“ನನ್ನ ಮಗಂದು ಕಾಲೋ, ಕೊಕ್ಕರಿ ಕಾಲೋ?” ಅಂದಳು ಆಯಿ. “ಸರಿ ಊರೋ.”

ಅಪ್ಪ ಊರಿದ. ಹಲಗೆ ಧಡಲ್ಲನೆ ನೆಲಕ್ಕೆ ಬಡಿಯಿತು. ಮಾಮಾ ಕಲ್ಲಿನ ಮೇಲೆ ಕಲ್ಲು ಇಟ್ಟ, ಹಲಗೆ ಏಳಲೇ ಇಲ್ಲ.

“ಅರೇ ಬಾಪ್ರೇ! ಅವ್ವಾರ, ಕಾಲೊಂದ ಎಮ್ಮಿ ಕರಾದಷ್ಟು ಆತು. ಊರ ಮಂದಿಗೆ ವರ್ಷಾನಗಟ್ಟಲೆ ಬೆಲ್ಲಾ ಬರತೈತಿ.”

“ಉಸುರ ಹಿಡೀರಿ, ಅಣ್ಣಾರ!” ಎಂದು ಹಾದಿಯಲ್ಲಿ ಹೋಗುವವನೊಬ್ಬ ಬುದ್ಧಿ ಹೇಳಿದ. ಅಪ್ಪ ಉಸಿರು ಹಿಡಿದ. ತೂಕ ಬದಲಾಗಲಿಲ್ಲ, ಮುಖ ಕೆಂಪಾಯಿತು. ಮೈಭಾರ ಕಾಲಿಗೆ ಬರಬಾರದೆಂದು ಮಾಮಾನ ಹೆಗಲ ಮೇಲೆ ಒರಗಿದರೆ ಕಾಲಿಗೆ ತೂಕವೇ ಇಲ್ಲದಾಯಿತು. ಬಿಟ್ಟರೆ ಮತ್ತೆ ಎಮ್ಮೆ ಕರು. ಒರಗುವುದು, ಬಿಡುವುದು ನಡೆದಿರುವಾಗಲೇ ತಕ್ಕಡಿ ಒಮ್ಮೆ ತಿರುಗಿತು, ಅಪ್ಪನ ಕಾಲು ಅದರ ಜೊತೆ ಹೋಯಿತು, ಕಾಲಿನ ಹಿಂದೆ ಅಪ್ಪ ಹೋದ, ಅಪ್ಪನ ಹಿಂದೆ ಮಾಮಾ ಹೋದ. ಇಬ್ಬರೂ ತಂಬಾಕಿನ ಚೀಲಗಳ ಮೇಲೆ ಬಿದ್ದರು. ಎದ್ದ ಧೂಳಿಗೆ ಓಣಿಗೆ ಓಣಿಯೇ ಸೀನಿತು. ಆಯಿ ಸೀನುತ್ತಲೇ ಬೈಯುತ್ತಿದ್ದಳು.

ಕತ್ತಲೆಯಲ್ಲಿ ನನ್ನ ಪಕ್ಕಕ್ಕೆ ಕಾಕಾನ ಮೈ ಗಡಗಡ ನಡುಗುತ್ತಿತ್ತು. ಅಳುತ್ತಿದ್ದಾನೆಂದು ನನಗೆ ಗಾಬರಿಯಾಯಿತು. ನೋಡಿದರೆ ಟವೆಲನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದ. ಮನೆಗೆ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ನನಗೂ ನಗು ಬಂತು. ಇಬ್ಬರೂ ಸರದಿಯ ಮೇಲೆ ಕಿಂಡಿಗೆ ಕಣ್ಣಿಟ್ಟೆವು. ಒಂದು ಸರದಿಯಲ್ಲಿ ಕಾಕಾ ಕಣ್ಣಿಟ್ಟವನು ಹಾಗೇ ನಿಂತ, ನಗು ನಿಂತಿತ್ತು. ಅವನು ಸರಿದ ಮೇಲೆ ನಾನು ನೋಡಿದೆ. ಗಂಗವ್ವ ತನ್ನ ಬಾಗಿಲಲ್ಲಿ ನಿಂತಿದ್ದಳು. ಓಣಿಯಲ್ಲಿ ಅವಳನ್ನು ಕಂಡ ಒಬ್ಬೊಬ್ಬರೇ ನಗುವನ್ನು ನುಂಗಿಕೊಂಡು ಜಾಗ ಖಾಲಿ ಮಾಡುತ್ತಿದ್ದರು.

ಅಂದು ಸಂಜೆ ಕಾಕಾ ಆಯಿಯನ್ನು ಕೋಲಿಗೆ ಕರೆಸಿದ.

“ಯವ್ವಾ, ನಾ ತಕ್ಕಡ್ಯಾಗ ಕುಂಡ್ರಂಗಿಲ್ಲ.”

“ನಾಚಿಗಿ ಏನ? ಮಂದಿ ಒಂದ ದಿನಾ ನೋಡ್ತಾರ, ಬಿಡ್ತಾರ.”

“ಮಂದಿ ಹೋಗ್ಲಿ. ಗಂಗವ್ವ ಕಾಕುನ ಬಾಗಲಾ ಎದರಿಗೈತಿ. ಮಲ್ಲೂ ನಾನು ಕೂಡೇ ಹೋದ್ವಿ. ನನ್ನ ತೂಕದ ಬೆಲ್ಲಾ ಹಂಚೂ ಮುಂದ ಆಕಿ ಮಾರಿ ನಾ ಹ್ಯಾಂಗ ನೋಡ್ಲಿ?”

ಆಯಿ ಕಣಜಕ್ಕೆ ಕೈ ಆನಿಸಿಕೊಂಡಳು.

“ಕೊಟ್ಟ ಮಾತು ತಪ್ಪಿದ್ರ ಎಲ್ಲವ್ವ ಮತ್ತ ಏನ ಕೇಳ್ತಾಳೋ,” ಅಂದಳು. “ಇನ್ನ ನನ್ನ ಕಡೆ ಏನ ಐತಿ ಬಾಪೂ, ನೀನ ಅದಿ.”

ಅವಳ ಕಣ್ಣಲ್ಲಿ ನಾನು ನೀರು ನೋಡಿದ್ದು ಅದೇ ಮೊದಲು. ಆದರೂ ಕಾಕಾ ಒಪ್ಪಲಿಲ್ಲ. ಅಪ್ಪ ಹರಕೆಗೆಂದೇ ಸಣ್ಣ ಅಚ್ಚಿನಲ್ಲಿ ಪೆಂಟಿ ಹಾಕಿಸಿದ್ದ. ಆ ಬೆಲ್ಲದ ಗಟ್ಟಿಗಳನ್ನು ತಂದು ಪಡಸಾಲೆಯಲ್ಲಿ ಗೋಡೆಯೆತ್ತರ ಒಟ್ಟಿದರು. ಮಾರುವಂತಿಲ್ಲ, ತಿನ್ನುವಂತಿಲ್ಲ, ಹಂಚುವಂತಿಲ್ಲ. ಇರುವೆಗಳು ಮಾತ್ರ ಯಾರ ಅಪ್ಪಣೆಗೂ ಕಾಯದೆ ಸಾಲು ಹಚ್ಚಿದವು. ಅಪ್ಪ ಸುತ್ತಲೂ ಬೂದಿ ಸುರಿದ, ಅವು ಮಾಡಿನಿಂದ ಇಳಿದು ಬಂದವು. ಕಾಕಾ ಉಣ್ಣುವುದು ಕಡಿಮೆಯಾಯಿತು. ಮಗ್ಗಿ ಹೇಳಿಸುವುದು ನಿಂತಿತು. ಆಯಿ ದಿನಾ ಬೆಳಿಗ್ಗೆ ಪೆಂಟಿಗಳ ಮುಂದೆ ಕೂತು ಮೂಡಣಕ್ಕೆ ಕೈ ಮುಗಿದು, ಯಾರೊಡನೆಯೋ ವಾಯಿದೆ ಕೇಳುವವಳ ಹಾಗೆ ತುಟಿ ಆಡಿಸುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಅಪ್ಪ ಅವ್ವ ಹೊಲಕ್ಕೆ ಹೋಗಿದ್ದರು. ಆಯಿ ನಡುಮನೆಯಲ್ಲಿ ಒರಗಿದ್ದಳು. ಕಲ್ಲಿನ ದಾರಿಯಲ್ಲಿ ಬರಿಗಾಲಿನ ಸದ್ದಾಯಿತು. ನಾನು ಎದ್ದು ಬಾಗಿಲ ಹಿಂದೆ ಸೇರಿದೆ. ಬಂದವರು ಕೂಗಲೂ ಇಲ್ಲ, ನಿಲ್ಲಲೂ ಇಲ್ಲ. ಸೀದಾ ಕೋಲಿಯ ಬಾಗಿಲನ್ನು ಜೋರಾಗಿ ದೂಡಿದರು. ನಾನು ಗೋಡೆಗೂ ಬಾಗಿಲಿಗೂ ನಡುವೆ ಚಪ್ಪಟೆಯಾಗಿ “ಅಯ್ಯೋ” ಅಂದೆ.

“ಒಂದ ಕೋಲ್ಯಾಗ ಎಷ್ಟ ಮಂದಿ ಅಡಗೀರಿ?” ಎಂದು ಗಂಗವ್ವ ಬಾಗಿಲು ಸರಿಸಿ ನನ್ನನ್ನು ಕಿವಿ ಹಿಡಿದು ಹೊರಗೆ ತೆಗೆದಳು. ಆಮೇಲೆ ಕಾಕಾನ ಎದುರು ನೆಲದ ಮೇಲೆ ಕೂತಳು. ಕಾಕಾ ಗೋಡೆ ನೋಡುತ್ತಿದ್ದ.

“ಏ ಬಾಪ್ಯಾ. ನನ್ನ ಕಂಡ್ರ ಹುಲಿ ಕಂಡಂಗ ಆಗತೈತೇನ ನಿನಗ?”

“ಹಂಗಲ್ಲ ಕಾಕು.”

“ಹಂಗ ಐತಿ. ಊರ ಮಂದಿ ಎಲ್ಲಾ ಹಂಗ ಮಾಡಾಕತ್ತಾರ. ನಾ ಬಂದ್ರ ಮಾತು ನಿಲ್ಲಸ್ತಾರ, ನಗೂದು ನಿಲ್ಲಸ್ತಾರ. ನಿಮ್ಮವ್ವ ನನ್ನ ಕೂಡ ಜಗಳಾ ತಗಿಯೂದ ಬಿಟ್ಟಾಳ. ಮಗಾ ಹೋದ. ಅವ್ನ ಹಿಂದ ಊರೂ ಹೋತಲ್ಲೋ ನಂದು.”

ಕಾಕಾ ಅವಳ ಕಡೆ ತಿರುಗಿದ.

“ನೀ ಅವ್ನ ಮಗ್ಗಲದಾಗ ಇದ್ದಾಂವ,” ಅಂದಳು ಗಂಗವ್ವ. “ಹ್ಯಾಂಗ ಸತ್ತ ಅಂತ ಕೇಳಾಕ ಬಂದಿಲ್ಲ. ಅದನ್ನ ಸರಕಾರ ಹೇಳೈತಿ. ಹ್ಯಾಂಗ ಇದ್ದ ಅದನ್ನ ಹೇಳು. ಏನ ತಿಂತಿದ್ದ? ಯಾರ ಕೂಡ ಜಗಳಾಡ್ತಿದ್ದ? ನಂಗ ಯಾರೂ ಏನೂ ಹೇಳವಲ್ರು.”

ಕಾಕಾ ಶೇಂಗಾ ಸಿಪ್ಪೆ ಕೆದಕುತ್ತ ಶುರುಮಾಡಿದ. ಮೂರು ಹೊತ್ತೂ ಚಪಾತಿ ತಿಂದು ಮಲ್ಲುವಿಗೆ ಬೇಸರ ಬಂದಿತ್ತಂತೆ. ರಜೆಯಿಂದ ಬಂದವನೊಬ್ಬ ಜೋಳದ ಹಿಟ್ಟು ತಂದಾಗ, ರೊಟ್ಟಿ ತಟ್ಟುವುದು ತನಗೆ ಹುಟ್ಟಿನಿಂದ ಬರುತ್ತದೆ ಎಂದು ಹೇಳಿ ಅಡಿಗೆಯವನನ್ನು ಎಬ್ಬಿಸಿ ಒಲೆಯ ಮುಂದೆ ತಾನು ಕೂತನಂತೆ.

“ಒಂದು ರೊಟ್ಟಿ ತಟ್ಟಿದ ನೋಡ್ರಿ ಕಾಕು. ಮ್ಯಾಲ ಕರಕ, ಒಳಗ ಹಸಿ ಹಿಟ್ಟು. ನಾಯಿಗೆ ಒಗದ್ವಿ. ನಾಯಿ ಮೂಸಿ ನೋಡಿ, ನಮ್ಮನ್ನ ಒಂದ ಸಲ ನೋಡಿ, ಹೋತು. ಹವಾಲ್ದಾರ ಬಂದು, ಇದೇನಲೇ ಇದು ಅಂದ. ಮಲ್ಲೂ ಏನಂದ ಗೊತ್ತೇನ್ರಿ? ಸಾಬ್, ನಮ್ಮವ್ವನ ರೊಟ್ಟಿನೂ ಹಿಂಗ ಇರತೈತಿ ಅಂದ.”

“ಭಾಡ್ಯಾ!” ಎಂದು ಗಂಗವ್ವ ತೊಡೆ ತಟ್ಟಿಕೊಂಡಳು. “ನನ್ನ ರೊಟ್ಟಿ ಹಂಗಿರ್ತಾವ ಅಂದ್ನ? ಹೆತ್ತ ತಾಯಿ ಮರ್ಯಾದಿ ಫೌಜಿನಾಗ ಕಳದ್ನ?” ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. “ಮತ್ತ ಹೇಳು. ಇನ್ನೊಂದ ಹೇಳು.”

ನಡುಮನೆಯ ಕಡೆಯಿಂದ ದನಿ ಬಂತು. ಆಯಿ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು.

“ಅದರಾಗ ಸುಳ್ಳ ಏನ ಹೇಳ್ಯಾನ? ನಿನ್ನ ರೊಟ್ಟಿ ಯಾವತ್ತರ ಚಲೋ ಇದ್ದೂವೇನ ಗಂಗಿ?”

ಗಂಗವ್ವ ಮೇಲೆ ನೋಡಿದಳು. ಎಷ್ಟೋ ತಿಂಗಳ ಮೇಲೆ ಯಾರೋ ಅವಳನ್ನು ಗಂಗಿ ಅಂದಿದ್ದರು.

“ಕೇಳಿದಿ ಬಾಪೂ? ನಿಮ್ಮವ್ವಗ ಬಾಯಿ ಬಂತು,” ಅಂದವಳೇ ಆಯಿಯ ಕಡೆ ತಿರುಗಿದಳು. “ನಿನ್ನ ರೊಟ್ಟಿಗೆ ಎಮ್ಮಿನೂ ಮಾರಿ ತಿರಗಸ್ತಿತ್ತಲ್ಲ ಪಾರಕ್ಕ, ಅದನ್ನ ಹೇಳ್ಲೇನ?”

ಅವ್ವ ಹೊಲದಿಂದ ಬರುವಾಗ ಇಬ್ಬರೂ ರೊಟ್ಟಿಯಿಂದ ಹಾಲಿಗೆ, ಹಾಲಿನಿಂದ ತವರುಮನೆಗೆ ಬಂದಿದ್ದರು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಅವ್ವ ಅದನ್ನು ಇಳಿಸುವುದನ್ನೂ ಮರೆತು ಪಡಸಾಲೆಯ ಕೆಳಗೆ ನಿಂತು ಕೇಳುತ್ತಿದ್ದಳು.

ಹೋಗುವಾಗ ಗಂಗವ್ವ ಕಾಕಾನಿಗೆ ಹೇಳಿದಳು: “ನನ್ನ ಹರಕಿ ಇನ್ನ ತೀರಂಗಿಲ್ಲ. ಒಂದ ದಿನಾ, ಒಂದ ಹೊತ್ತಿಗೆ ಹೊತ್ತಿದ್ವಿ. ನಿಮ್ಮವ್ವಂದರ ತೀರ್ಲಿ. ನಾಳಿ ತಕ್ಕಡ್ಯಾಗ ಕುಂಡ್ರು. ಪೆಂಟಿ ನಾ ಇಡತೇನಿ.”

ಕಾಕಾ ನನ್ನನ್ನು ನೋಡಿದ.

“ಅಕ್ಕೂ ನನ್ನ ಮುಂದ ನಡದ್ರ ಬರ್ತೇನಿ. ಹಿಡ್ಕೊಳ್ಳಾಕ ಒಂದ ಹೆಗಲ ಬೇಕು.”

ನಾನು ಆ ಇರುಳು ಜ್ವರ ಬರಲೆಂದು ಕಂಡ ದೇವರಿಗೆಲ್ಲ ಕೇಳಿಕೊಂಡೆ. ಬರಲಿಲ್ಲ. ಬೆಳಿಗ್ಗೆ ಅವ್ವ ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿದಳು. ಮನೆಯ ಮುಂದಿನ ಬೇವಿನ ಮರಕ್ಕೆ ಮಾಮಾ ತಕ್ಕಡಿ ಕಟ್ಟಿದ್ದ, ಮಂದಿಯ ಗದ್ದಲ ಒಳಗೆ ಕೇಳುತ್ತಿತ್ತು. ಕಾಕಾ ಒಂದು ಕೈಯಲ್ಲಿ ಬಡಿಗೆ ಹಿಡಿದು, ಇನ್ನೊಂದನ್ನು ನನ್ನ ಹೆಗಲ ಮೇಲೆ ಇಟ್ಟ. ಎಮ್ಮೆ ಎತ್ತುಗಳ ನಡುವಿನ ಆ ಕಲ್ಲಿನ ದಾರಿ ಅಷ್ಟು ಉದ್ದವಾಗಿದ್ದು ನನಗೆ ಅಂದೇ ಗೊತ್ತಾಗಿದ್ದು. ತಲೆಬಾಗಿಲು ದಾಟಿದಾಗ ಗದ್ದಲ ನಿಂತಿತು. ಎದುರಿಗೆ ಬರೀ ಚಪ್ಪಲಿಗಳು, ಎಷ್ಟೋ ಬಗೆಯ ಚಪ್ಪಲಿಗಳು. ನನ್ನ ಕಾಲು ನೆಲಕ್ಕೆ ಅಂಟಿದವು. ಆಗ ಹೆಗಲ ಮೇಲಿನ ಕೈ ನನ್ನನ್ನು ಬಿಗಿಯಾಗಿ ಹಿಡಿಯಿತು. ನನಗಿಂತ ಅವನಿಗೇ ಹೆಚ್ಚು ಹೆದರಿಕೆಯಾಗಿತ್ತು. ಕೆಳಗೆ ನೋಡುತ್ತ ನಡೆದರೆ ಬೇವಿನ ಬೇರಿಗೆ ಅವನನ್ನು ಎಡವಿಸುತ್ತೇನೆಂದು ತಲೆ ಎತ್ತಿದೆ. ಅಷ್ಟೂ ಮುಖಗಳನ್ನು ಒಮ್ಮೆಲೇ ನೋಡಿದೆ. ಒಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. “ಸರೀರಿ,” ಅಂದೆ. ಸರಿದರು. ನನ್ನ ಮಾತಿಗೆ ಅಷ್ಟು ಮಂದಿ ಸರಿದದ್ದನ್ನು ನಾನೇ ನಂಬಲಿಲ್ಲ.

ಕಾಕಾ ಹಲಗೆಯ ಮೇಲೆ ಕೂತ. ಅದು ತೂಗಾಡದ ಹಾಗೆ ಸರಪಳಿ ಹಿಡಿದುಕೊಳ್ಳುವ ಕೆಲಸ ನನ್ನದು. ಎಲ್ಲವ್ವನ ಪಾಲಿನ ಪೆಂಟಿಯನ್ನು ಆಯಿ ಮೊದಲೇ ಬಟ್ಟೆಯಲ್ಲಿ ಕಟ್ಟಿ ತೆಗೆದಿಟ್ಟಿದ್ದಳು. ಆ ಕಡೆಯ ಹಲಗೆಗೆ ಗಂಗವ್ವ ಒಂದೊಂದೇ ಪೆಂಟಿ ಇಟ್ಟಳು. ಎರಡೂ ಕಡೆ ಸಮವಾಯಿತು. ಎಲ್ಲರೂ “ಆತು, ಆತು” ಅಂದರು.

“ಏನ ಆತು? ಕಾಲಿಂದು ಇಡು,” ಅಂದಳು ಆಯಿ. ಗಂಗವ್ವ ಇಟ್ಟಳು. ಕಾಕಾ ಸ್ವಲ್ಪ ಮೇಲೆ ಹೋದ.

“ಹರದ ರಕ್ತದ್ದು ಇಡು.” ಇಟ್ಟಳು.

“ಹೋಗೂ ಮುಂದ ಗಲ್ಲಾ ಹಿಂಗಿದ್ದೂವು. ದವಾಖಾನ್ಯಾಗ ಗಂಜಿ ಕುಡದು ಬತ್ತ್ಯಾವ. ಅದರದ್ದೂ ಇಡು.”

“ಯವ್ವಾ, ಸಾಕ ಬೇ! ಇಮಾನ ಹಾರಸಾಕತ್ತೀ ಏನ?” ಎಂದು ಕಾಕಾ ಕೂಗುವಷ್ಟರಲ್ಲಿ ಬೆಲ್ಲದ ಹಲಗೆ ನೆಲಕ್ಕೆ ಕೂತಿತ್ತು, ಅವನು ಮೌಲಾಸಾಬ ಮಾಮಾನ ಪೇಟದಷ್ಟು ಎತ್ತರದಲ್ಲಿ ತೂಗುತ್ತಿದ್ದ. ಇಳಿಸಲು ಅಪ್ಪ ಮುಂದೆ ಬಂದ. ಆಯಿ ತಡೆದಳು. ಹರಕೆಯ ತಕ್ಕಡಿಗೆ ಏರಿದ ಬೆಲ್ಲವನ್ನು ಹಿಂದಕ್ಕೆ ತೆಗೆಯುವಂತಿಲ್ಲ, ಏರಿದ ಮನುಷ್ಯನೂ ತಾನಾಗಿ ಇಳಿಯುವಂತಿಲ್ಲ. ಬೆಲ್ಲ ಹಂಚುತ್ತ ಹೋದಂತೆ ದೇವರೇ ಇಳಿಸಬೇಕು. ಇಂಥ ಪದ್ಧತಿ ಮೊದಲೇ ಇತ್ತೋ, ಅವಳು ಅಲ್ಲೇ ಹುಟ್ಟಿಸಿದಳೋ ಇಂದಿಗೂ ನನಗೆ ಗೊತ್ತಿಲ್ಲ.

ಮಂದಿ ಸಾಲು ಹಚ್ಚಿದರು. ಗಂಗವ್ವ ಪೆಂಟಿ ಒಡೆದು ಕೈಗೆ ಕೊಡುತ್ತಿದ್ದಳು. ತೆಗೆದುಕೊಂಡವರು ಈ ಕಡೆ ಹಾದು ಹೋಗಬೇಕು. ಹಾದು ಹೋಗುವಾಗ ತಲೆಯ ಮೇಲೆ ಕೂತವನಿಗೆ ಏನಾದರೂ ಅನ್ನದೆ ಹೋಗುವುದು ಹೇಗೆ? ಕೆಳಗೆ ನೋಡಲು, ಮಾಡು ನೋಡಲು ಯಾರಿಗೂ ಅನುಕೂಲವೇ ಇರಲಿಲ್ಲ. ಅವನ ಮುಖವನ್ನೇ ನೋಡಬೇಕಾಗಿತ್ತು.

“ಬಾಪೂ, ಅಲ್ಲಿಂದ ನನ್ನ ಹೊಲಾ ಕಾಣತೈತೇನೋ?” ಎಂದು ಕೇಳಿದ ಒಬ್ಬ ಮುದುಕ.

“ಕಾಣತೈತ್ರಿ ಅಜ್ಜಾ. ನಿಮ್ಮ ಎಮ್ಮಿ ನಮ್ಮ ಕಬ್ಬಿನ್ಯಾಗ ಐತಿ.”

ಸಾಲೆಲ್ಲ ನಕ್ಕಿತು. ಗಂಗವ್ವನೂ ನಕ್ಕಳು, ಅವಳು ನಕ್ಕದ್ದನ್ನು ನೋಡಿ ಮಂದಿ ಇನ್ನೂ ಜೋರಾಗಿ ನಕ್ಕರು. ಶಾಲೆಯ ಗುರುಗಳು ಬಂದರು, ಮಲ್ಲುವನ್ನೂ ಕಾಕಾನನ್ನೂ ಒಂದೇ ಬೆಂಚಿನ ಮೇಲೆ ನಿಲ್ಲಿಸಿ ಹೊಡೆದಿದ್ದನ್ನು ನೆನೆಸಿಕೊಂಡರು. ಯಾವಳೋ ಒಬ್ಬಳು ಬರೀ ಅತ್ತಳು, ಕಾಕಾ ಮೇಲಿನಿಂದ ಬಗ್ಗಿ ಅವಳ ತಲೆ ಮುಟ್ಟಿದ. ಒಂದೊಂದು ಪೆಂಟಿ ಮುಗಿದಂತೆ ಸರಪಳಿ ನನ್ನ ಕೈಯಲ್ಲಿ ಕಿರ್ ಅನ್ನುತ್ತಿತ್ತು. ಕಾಕಾ ಮಾಮಾನ ಪೇಟದಿಂದ ಹೆಗಲಿಗೆ ಬಂದ, ಹೆಗಲಿನಿಂದ ನನ್ನ ಕಣ್ಣಿನ ಮಟ್ಟಕ್ಕೆ ಬಂದ. ಮುಂದೆ ಸ್ವಲ್ಪ ಹೊತ್ತು ತಕ್ಕಡಿ ಅಲ್ಲಾಡದೆ ನಿಂತಿತು, ಅವನ ಕಾಲಿಗೂ ನೆಲಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಸಾಲಿನಲ್ಲಿ ಯಾರೂ ಇರಲಿಲ್ಲ. ಗಂಗವ್ವ ಕೈಯಲ್ಲಿದ್ದ ಚೂರನ್ನು ಯಾರಿಗೆ ಕೊಡಲೆಂದು ಅತ್ತ ಇತ್ತ ನೋಡಿದಳು. ಊರೆಲ್ಲ ಅವಳನ್ನೇ ನೋಡುತ್ತಿತ್ತು. ಅವಳು ಮನೆಮನೆಗೆ ಕಳಿಸಲೆಂದು ಹಲಗೆಯ ಮೇಲೆ ಉಳಿದಿದ್ದ ಪೆಂಟಿಗಳಲ್ಲಿ ಒಂದನ್ನು ಇಡಿಯಾಗಿ ಎತ್ತಿ ತನ್ನ ಉಡಿಯಲ್ಲಿ ಹಾಕಿಕೊಂಡು, ಚೂರನ್ನು ಬಾಯಿಗೆ ಹಾಕಿಕೊಂಡಳು.

ಕಾಕಾನ ಕಾಲು ನೆಲಕ್ಕೆ ತಾಗಿತು.

“ಹ್ಯಾಂಗ ಐತ್ರಿ ಕಾಕು ಬೆಲ್ಲಾ?” ಎಂದು ಕೇಳಿದ ಅವನು.

ಗಂಗವ್ವ ಕಣ್ಣು ಮುಚ್ಚಿ ಚೀಪಿದಳು. “ಸಿಹಿ ಐತಿ,” ಅಂದಳು. ಇನ್ನೂ ಸ್ವಲ್ಪ ಚೀಪಿ, “ಪಾಕ ಹೆಚ್ಚ ಕಾಸ್ಯಾರ ನಿಮ್ಮ ಮನ್ಯಾವ್ರು,” ಅಂದಳು.

“ಏನಂದಿ?” ಎಂದು ಆಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

ಇಬ್ಬರ ದನಿ ಏರುತ್ತಿದ್ದ ಹಾಗೆ ಕಾಕಾ ಬಡಿಗೆ ಊರಿ ಎದ್ದು ನಿಂತ. ನನ್ನ ಹೆಗಲಿಗೆ ಕೈ ಹಾಕಿದ. ನಾನು ಮನೆಯ ಕಡೆ ತಿರುಗಿದೆ. ಅವನು ತಿರುಗಲಿಲ್ಲ.

“ಆ ಕಡೆ ಅಲ್ಲ,” ಅಂದ, ಓಣಿಯ ಕಡೆ ಗದ್ದ ತೋರಿಸಿ. “ಹೊಳಿ ತನಕ ಹೋಗಿ ಬರೂಣ ನಡಿ.”